ಸಮುದ್ರದ ನೀರಿನ ಶಾಖ ವಿನಿಮಯಕ: 316ಎಲ್ ಬದಲಿಗೆ ಯಾವ ಮಿಶ್ರಲೋಹ?

ಪ್ರಶ್ನೆ
ಸಮುದ್ರದ ನೀರಿನಿಂದ ತಂಪಾಗುವ ನಮ್ಮ ಶಾಖ ವಿನಿಮಯಕದ 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳಲ್ಲಿ, ಮುಖ್ಯವಾಗಿ ಟ್ಯೂಬ್‌ಶೀಟಿಗೆ (ಕೊಳವೆಗಳ ತುದಿಗಳನ್ನು ಹಿಡಿದಿಡುವ ತೂತುಗಳ ಫಲಕ) ಸೇರುವ ಅಂಚಿನಲ್ಲಿ ಹಾಗೂ ಕೆಸರು ಕೂತ ಕಡೆ, ಸೂಜಿಮೊನೆಯಷ್ಟು ರಂಧ್ರಗಳು ಬಿದ್ದಿವೆ. ಉಳಿದ ಗೋಡೆ ಹೊಸದರಂತೆ ಹೊಳೆಯುತ್ತಿದೆ. ನೀರು 45 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗುತ್ತದೆ. ಡ್ಯೂಪ್ಲೆಕ್ಸ್ 2205 (ಹೆಚ್ಚು ಕ್ರೋಮಿಯಂ ಇರುವ ಇನ್ನೊಂದು ಸ್ಟೇನ್‌ಲೆಸ್ ಸ್ಟೀಲ್) ಸಾಕೇ, ಟೈಟಾನಿಯಂ ಬೇಕೇ?

ಉತ್ತರ 1
ಸಮುದ್ರದ ನೀರಿನ ಪ್ರತಿ ಲೀಟರಿನಲ್ಲಿ ಸುಮಾರು 19 ಗ್ರಾಂ ಕ್ಲೋರೈಡ್ ಇರುತ್ತದೆ. ಕೆಸರಿನ ಅಡಿಯಲ್ಲಿ ಆಮ್ಲಜನಕ ತೀರಿದಾಗ ಅಲ್ಲಿನ ನೀರು ಆಮ್ಲೀಯವಾಗಿ, ಕ್ಲೋರೈಡ್ ಸಾಂದ್ರಗೊಂಡು, ಸ್ಟೀಲನ್ನು ಕಾಪಾಡುವ ಕ್ರೋಮಿಯಂ ಆಕ್ಸೈಡ್ ಪದರ ಒಡೆದರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಹಾಗಾಗಿಯೇ ಸುತ್ತಲಿನ ಗೋಡೆ ಹೊಳೆಯುತ್ತಿದ್ದರೂ ಒಂದೇ ಬಿಂದುವಿನಲ್ಲಿ ಲೋಹ ಕೊರೆದುಹೋಗುತ್ತದೆ. ಇಂಥ ರಂಧ್ರಗಳನ್ನು ತಡೆಯುವ ಶಕ್ತಿಗೆ ಒಂದು ಸೂಚ್ಯಂಕವಿದೆ: ಕ್ರೋಮಿಯಂ, 3.3 ಪಟ್ಟು ಮಾಲಿಬ್ಡಿನಂ ಮತ್ತು 16 ಪಟ್ಟು ನೈಟ್ರೋಜನ್‌ನ ಶೇಕಡಾ ಪ್ರಮಾಣಗಳನ್ನು ಕೂಡಿಸಿದರೆ 316ಎಲ್‌ಗೆ ಸುಮಾರು 24, 2205ಕ್ಕೆ ಸುಮಾರು 35 ಬರುತ್ತದೆ. ಸಮುದ್ರದ ನೀರಿಗೆ ಈ ಸೂಚ್ಯಂಕ 40 ದಾಟಿರಬೇಕೆಂಬುದು ರೂಢಿ. 2205 ಹಾಕಿದರೆ ಇದೇ ತೊಂದರೆ ಸ್ವಲ್ಪ ತಡವಾಗಿ ಮರುಕಳಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ 2
ನಾನಾದರೆ ಗ್ರೇಡ್ 2 ಟೈಟಾನಿಯಂ ಆರಿಸುತ್ತೇನೆ. ಈ ಉಷ್ಣತೆಯಲ್ಲಿ ಅದು ಕೆಸರಿನ ಅಡಿಯಲ್ಲೂ ಕೆಡುವುದಿಲ್ಲ. ಸವೆತಕ್ಕೆಂದು ಹೆಚ್ಚುವರಿ ದಪ್ಪ ಬೇಡವಾದ್ದರಿಂದ ತೆಳುಗೋಡೆಯ ಕೊಳವೆ ಸಾಕು, ಬೆಲೆಯ ಅಂತರವೂ ತಗ್ಗುತ್ತದೆ. ಆದರೆ ಟ್ಯೂಬ್‌ಶೀಟ್ ಹಿತ್ತಾಳೆಯದೋ ಕಾರ್ಬನ್ ಸ್ಟೀಲಿನದೋ ಆಗಿದ್ದರೆ, ಟೈಟಾನಿಯಂ ಜೊತೆಗಿನ ಗ್ಯಾಲ್ವಾನಿಕ್ ಸಂಪರ್ಕದಿಂದ (ಉಪ್ಪುನೀರಿನಲ್ಲಿ ಎರಡು ಲೋಹಗಳು ತಾಗಿ ವಿದ್ಯುತ್ ಹರಿಯುವುದು) ಆ ಟ್ಯೂಬ್‌ಶೀಟ್ ವೇಗವಾಗಿ ಸವೆಯುತ್ತದೆ. ದಯವಿಟ್ಟು ಅದನ್ನು ಮೊದಲು ನೋಡಿ.

ಉತ್ತರ 3
90–10 ತಾಮ್ರ-ನಿಕ್ಕಲ್ (ಸುಮಾರು ಶೇಕಡಾ 90 ತಾಮ್ರ, 10 ನಿಕ್ಕಲ್ ಇರುವ ಮಿಶ್ರಲೋಹ) ಅನ್ನೂ ಪರಿಗಣಿಸಬಹುದು, ಅದರ ಮೇಲೆ ಚಿಪ್ಪುಜೀವಿಗಳು ಸುಲಭವಾಗಿ ಅಂಟುವುದಿಲ್ಲ. ಆದರೆ ನೀರು ಕೊಳಚೆ ಸೇರುವ ಅಳಿವೆಯದಾಗಿದ್ದರೆ ಸಲ್ಫೈಡ್ ಅದನ್ನು ಬೇಗನೆ ಹಾಳುಮಾಡುತ್ತದೆ. ನೀರನ್ನು ಎಲ್ಲಿಂದ ಎತ್ತುತ್ತೀರಿ?