ಮೊದಲು ಜಾಡಿ, ಆಮೇಲೆ ಹಂಡೆ

ಪುಟ್ಟಾ, ನಿನ್ನ ಮೂರೂ ಪ್ರಶ್ನೆ ನೋಡಿದೆ. ಎರಡು ಸಾಲಲ್ಲಿ ಮುಗಿಯೋ ಉತ್ತರ ಅಲ್ಲ, ಉದ್ದ ಆಗತ್ತೆ, ಸಮಾಧಾನವಾಗಿ ಕೇಳಿಸ್ಕೋ. ಗ್ರೂಪಲ್ಲಿ ಮಿಕ್ಕವರಿಗೂ ತಿಳೀಲಿ ಅಂತ ಪ್ರಶ್ನೆ ಇನ್ನೊಂದ್ಸಲ ಹೇಳ್ತೀನಿ. ನಿಮ್ಮ ಹುಡುಗರ ಗುಂಪು ಶನಿವಾರ ಸಂಜೆ ಅಂಗಡಿಗಳಲ್ಲಿ ಮಾರದೆ ಉಳಿದ ತರಕಾರಿ ತಂದು, ಭಾನುವಾರ ಅರವತ್ತು ಜನಕ್ಕೆ ಒಟ್ಟಿಗೆ ಅಡುಗೆ ಮಾಡತ್ತೆ. ಮಿಕ್ಕ ತರಕಾರಿನ ಉಪ್ಪುನೀರಿಗೆ ಹಾಕಿದ್ರಿ, ಅದು ಮೆತ್ತಗಾಗಿ ಮೇಲೆ ಬಿಳಿ ಪೊರೆ ಕಟ್ತು. ಒಣಗಿಸಿಟ್ಟ ಟೊಮೆಟೊಗೆ ಹದಿನೈದು ದಿನಕ್ಕೇ ಬೂಷ್ಟು ಬಂತು. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಬಿಸಿ ಮಾಡಿ ತಿಂದ ಇಬ್ಬರಿಗೆ ವಾಂತಿ ಆಯ್ತು. ಸರಿನಾ?

ನೀನು ಬರೆದಿದ್ರಲ್ಲಿ ಒಂದು ಪದ ಹಿಡ್ಕೋತೀನಿ: "ಮಿಕ್ಕಿದ್ದನ್ನ". ಒಳ್ಳೊಳ್ಳೆ ತರಕಾರಿ ಎಲ್ಲ ಹಂಡೆಗೆ ಹೋಗತ್ತೆ, ಸಂಜೆ ಹೊತ್ತಿಗೆ ಬಾಡಿದ್ದು, ಜಜ್ಜಿದ್ದು ಜಾಡಿಗೆ ಬರತ್ತೆ. ಅದು ಉಲ್ಟಾ ಆಗಬೇಕು. ಉಪ್ಪಾಗ್ಲಿ ಬಿಸಿಲಾಗ್ಲಿ ಕೆಟ್ಟಿದ್ದನ್ನ ಒಳ್ಳೇದು ಮಾಡಲ್ಲ, ಇದ್ದದ್ದನ್ನ ಇದ್ದ ಹಾಗೆ ಹಿಡಿದಿಡತ್ತೆ ಅಷ್ಟೇ. ಜಜ್ಜಿದ ಜಾಗದಲ್ಲಿ ಬೂಷ್ಟು, ಕೊಳೆಸೋ ಬ್ಯಾಕ್ಟೀರಿಯಾ ಆಗಲೇ ಮನೆ ಮಾಡಿರತ್ತೆ, ಉಪ್ಪುನೀರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಹುಳಿ ಬರಿಸೋಕೆ ಮುಂಚೆ ಅವೇ ಗೆಲ್ಲತ್ವೆ. ಕುದಿಯೋ ಹಂಡೆ ಮಾತ್ರ ಜಜ್ಜಿದ್ದಕ್ಕೆ, ಬಾಡಿದ್ದಕ್ಕೆ ಹೆದರಲ್ಲ. ಅದಕ್ಕೇ ಗಟ್ಟಿ ಇರೋದು ಜಾಡಿಗೆ, ಒಣಗಿಸೋಕೆ. ಪೆಟ್ಟು ಬಿದ್ದಿರೋದು ಇವತ್ತೇ ಒಲೆಗೆ.

ಹಾಗಾಗಿ ತರಕಾರಿ ಬಂದ ಕೂಡ್ಲೇ ಮೇಜಿನ ಮೇಲೆ ಹರಡಿ ಬೇರೆ ಮಾಡ್ಕೊಳ್ಳಿ. ಎಲ್ಲಾನೂ ಒಟ್ಟಿಗೆ ತೊಳೆದು ಗುಡ್ಡೆ ಹಾಕ್ಬೇಡಿ, ಒದ್ದೆ ಆದ್ರೆ ರಾತ್ರಿಯೊಳಗೆ ಇನ್ನಷ್ಟು ಕೆಡತ್ತೆ. ಕ್ಯಾರೆಟ್, ಎಲೆಕೋಸಿನಂಥ ಗಟ್ಟಿ ತರಕಾರಿ ಮೇಲೆ ಚೂರು ಬೂಷ್ಟು ಇದ್ರೆ ಸುತ್ತ ಎರಡೂವರೆ ಸೆಂಟಿಮೀಟರ್ ಬಿಟ್ಟು ಆಳಕ್ಕೆ ಕೊಯ್ದು ಹಂಡೆಗೆ ಹಾಕ್ಬೋದು. ಟೊಮೆಟೊ, ಸೌತೆಕಾಯಿ ಥರ ಮೆತ್ತನೇದಕ್ಕೆ ಬೂಷ್ಟು ಬಂದಿದ್ರೆ ಪೂರ್ತಿ ಗೊಬ್ಬರಕ್ಕೆ, ಯಾಕಂದ್ರೆ ಒಳಗೆ ಎಲ್ಲಿವರೆಗೆ ಬೇರು ಬಿಟ್ಟಿದೆ ಅಂತ ಕಣ್ಣಿಗೆ ಕಾಣಲ್ಲ. ಪೂರ್ತಿ ಹಸಿರು ತಿರುಗಿದ ಆಲೂಗಡ್ಡೆನೂ ಅಲ್ಲಿಗೇ. ಅದರ ವಿಷ ಬೇಯಿಸಿದ್ರೂ ಹೋಗಲ್ಲ.

ಹಾಡು ಹಾಕ್ಕೊಂಡು ಎಲ್ಲರೂ ಒಟ್ಟಿಗೆ ಹೆಚ್ಚೋದು ಚೆನ್ನಾಗಿದೆ, ಅದನ್ನ ಬಿಡ್ಬೇಡಿ. 2012ರಲ್ಲಿ ಬರ್ಲಿನ್‌ನಲ್ಲಿ ಸ್ಲೋ ಫುಡ್ ಅನ್ನೋ ಆಹಾರ ಚಳವಳಿಯ ಹುಡುಗರು ಶುರು ಮಾಡಿದ "ಡಿಸ್ಕೊ ಸೂಪ್" ಕೂಡ ಇದೇ. ಆದ್ರೆ ಅವರು ಆರಿಸಿಕೊಂಡಿದ್ದು ಸೂಪು ಅನ್ನೋದನ್ನ ಗಮನಿಸು. ಕುಣೀತಾ ಹೆಚ್ಚಿದ ಸೊಟ್ಟಪಟ್ಟ ಹೋಳನ್ನ ಸೂಪು ಕ್ಷಮಿಸತ್ತೆ, ಜಾಡಿ ಕ್ಷಮಿಸಲ್ಲ. ಕೈ ಹದ ಇರೋ ಇಬ್ಬರನ್ನ ಜಾಡಿ ಮೇಜಿಗೆ ಕೂರಿಸಿ, ಕುಣಿಯೋರೆಲ್ಲ ಹಂಡೆ ಕಡೆ.

ಈಗ ಉಪ್ಪಿನ ಲೆಕ್ಕ. ನಿಮ್ಮದು ತಪ್ಪಿದ್ದು ಇಲ್ಲೇ. ಒಂದು ಲೀಟರ್ ನೀರಿಗೆ 30 ಗ್ರಾಂ ಹಾಕಿದ್ವಿ, ಶೇ. 3 ಆಯ್ತು ಅಂದೆ. ಅದರೊಳಗೆ ಒಂದು ಕೆಜಿ ಕ್ಯಾರೆಟ್, ಮೂಲಂಗಿ ಮುಳುಗಿಸಿದ್ರಿ. ತರಕಾರಿಲಿ ಇರೋದು ಹೆಚ್ಚೂಕಮ್ಮಿ ನೀರೇ ಅಲ್ವಾ? ಎರಡು ಮೂರು ದಿನದಲ್ಲಿ ಉಪ್ಪು ಒಳಗೂ ಹೊರಗೂ ಸಮ ಆಗತ್ತೆ; ಅಲ್ಲಿಗೆ ಉಳಿದಿದ್ದು ಶೇ. 1.5. ಅಷ್ಟು ಕಮ್ಮಿ ಉಪ್ಪಲ್ಲಿ ಮೆತ್ತಗಾಗ್ದೆ ಇನ್ನೇನಾಗತ್ತೆ? ಜಾಡಿನ ಸ್ಕೇಲ್ ಮೇಲಿಟ್ಟು ಸೊನ್ನೆ ಮಾಡಿ, ತರಕಾರಿ ಹಾಕಿ, ಮುಳುಗೋವರೆಗೆ ನೀರು ಹಾಕಿ, ಎರಡೂ ಸೇರಿ ಎಷ್ಟು ತೂಗತ್ತೋ ಅದರ ಶೇ. 3 ಉಪ್ಪು. ಒಂದು ಕೆಜಿ ತರಕಾರಿ, ಒಂದು ಲೀಟರ್ ನೀರು ಅಂದ್ರೆ 60 ಗ್ರಾಂ. ಆ ನೀರನ್ನ ಬಗ್ಗಿಸ್ಕೊಂಡು ಉಪ್ಪು ಕರಗಿಸಿ ವಾಪಸ್ ಹಾಕಿದ್ರಾಯ್ತು. ಸೆಕೆ ಜಾಸ್ತಿ ಇದ್ರೆ ಶೇ. 4 ಮಾಡಿ. ಚಮಚದ ಅಳತೆ ಬೇಡವೇ ಬೇಡ: ಪುಡಿ ಉಪ್ಪು ಒಂದು ದೊಡ್ಡ ಚಮಚಕ್ಕೆ ಸುಮಾರು 18 ಗ್ರಾಂ ತೂಗಿದ್ರೆ, ಹರಳು ದಪ್ಪ ಇರೋ ಕಲ್ಲುಪ್ಪು ಅದೇ ಚಮಚಕ್ಕೆ ಅಷ್ಟು ಬರಲ್ಲ.

ಅಯೋಡಿನ್ ಉಪ್ಪು ಹಾಕಿದ್ರೆ ಹುಳಿನೇ ಬರಲ್ಲ ಅಂತ ಭಾವ ಬರೆದಿದ್ರು. ಭಾವ, ಅಷ್ಟೊಂದೇನಿಲ್ಲ. ಪುಡಿ ಉಪ್ಪು ಗಂಟಾಗದಿರಲಿ ಅಂತ ಸೇರಿಸಿರೋ ವಸ್ತುವಿಂದ ನೀರು ಸ್ವಲ್ಪ ಮಂಕಾಗ್ಬೋದು, ಹುಳಿ ಬಂದೇ ಬರತ್ತೆ. ಕಲ್ಲುಪ್ಪು ಸಿಕ್ಕಿದ್ರೆ ಒಳ್ಳೇದು, ಇಲ್ದಿದ್ರೆ ಕೆಲಸ ನಿಲ್ಲಿಸ್ಬೇಡಿ.

ಎಲೆಕೋಸಿಗೆ ನೀರೇ ಬೇಡ. ಹೊರಗಿನ ಎರಡೆಲೆ ತೆಗೆದಿಟ್ಕೊಳ್ಳಿ. ಉಳಿದಿದ್ದನ್ನ ಮೂರು ಮಿಲಿಮೀಟರ್ ದಪ್ಪಕ್ಕೆ ಸಣ್ಣಗೆ ಹೆಚ್ಚಿ, ಕೆಜಿಗೆ 22 ಗ್ರಾಂ ಉಪ್ಪು ಉದುರಿಸಿ ಅರ್ಧ ಗಂಟೆ ಬಿಟ್ಬಿಡಿ. ಆಮೇಲೆ ಕೈಯಲ್ಲಿ ಕಿವುಚಿ. ಮೊದಲು ಗರಗರ ಸದ್ದು ಮಾಡತ್ತೆ, ಐದು ನಿಮಿಷಕ್ಕೆ ಸದ್ದು ನಿಲ್ಲತ್ತೆ, ಬಣ್ಣ ಗಾಜಿನ ಥರ ತಿಳಿ ಆಗತ್ತೆ, ಒಂದು ಹಿಡಿ ಹಿಂಡಿದ್ರೆ ಬೆರಳ ಸಂದಿಂದ ನೀರು ಧಾರೆಯಾಗಿ ಇಳಿಯತ್ತೆ. ಅದೇ ಹದ. ಹಿಡಿಹಿಡಿಯಾಗಿ ಜಾಡಿಗೆ ಹಾಕ್ತಾ ಮುಷ್ಟಿಲಿ ಒತ್ತಿ, ಅದರದೇ ನೀರು ಮೇಲೆ ಬರಬೇಕು. ಕಂಠದಿಂದ ಮೂರು ಬೆರಳು ಜಾಗ ಬಿಡಿ. ತೆಗೆದಿಟ್ಟ ಎಲೆ ಮೇಲೆ ಮುಚ್ಚಿ, ಅದರ ಮೇಲೆ ಭಾರ. ಭಾರಕ್ಕೆ ಗಟ್ಟಿ ಚೀಲದಲ್ಲಿ ನೀರು ತುಂಬಿ ಇಡೋದಾದ್ರೆ ಬರೀ ನೀರು ತುಂಬ್ಬೇಡಿ, ಉಪ್ಪುನೀರು ತುಂಬಿ. ಚೀಲ ಸೋರಿದ್ರೆ ಜಾಡಿ ಉಪ್ಪು ಕಮ್ಮಿ ಆಗಲ್ಲ. ಮುಚ್ಚಳ ಸಡಿಲ ಇರಲಿ, ಕೆಳಗೆ ತಟ್ಟೆ ಇರಲಿ. ಮೊದಲ ನಾಲ್ಕು ದಿನ ಗಾಳಿಗುಳ್ಳೆ ಎದ್ದು ನೀರು ಉಕ್ಕತ್ತೆ. ಬಿಗಿಯಾಗಿ ಮುಚ್ಚಿದ ಗಾಜಿನ ಜಾಡಿ ಒಡೆದೇ ಹೋಗ್ಬೋದು.

20 ಡಿಗ್ರಿ ಆಸುಪಾಸು ಇದ್ರೆ ಮೂರ್ನಾಲ್ಕು ವಾರ ಬೇಕು, ರುಚಿನೂ ಚೆನ್ನಾಗಿರತ್ತೆ. 30 ಡಿಗ್ರಿಲಿ ಒಂದು ವಾರದೊಳಗೇ ಹುಳಿ ಬಂದು ಬೇಗ ಮೆತ್ತಗಾಗತ್ತೆ, ಆವಾಗ ಫ್ರಿಜ್‌ಗೆ ಸೇರಿಸಿ. ಮೂರನೇ ದಿನ ನೀರು ಮಂಕಾದ್ರೆ ಗಾಬರಿ ಬೇಡ, ಅದು ಕೆಲಸ ನಡೀತಿದೆ ಅನ್ನೋ ಗುರುತು. ಬೆಳ್ಳುಳ್ಳಿ ಎಸಳು ನೀಲಿ ತಿರುಗಿದ್ರೂ ಗಾಬರಿ ಬೇಡ, ಹುಳಿ ತಾಗಿದ್ರೆ ಹಾಗಾಗತ್ತೆ. ಹುಳಿ ಎಷ್ಟಿದೆ ಅಂತ ಅಳೆಯೋ ಪಿಎಚ್ ಕಾಗದದ ಪಟ್ಟಿ ತಂದಿಟ್ಕೊಳ್ಳಿ; ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬೊಟುಲಿಸಂ ಅನ್ನೋ ಜೀವ ತೆಗೆಯೋ ಆಹಾರ ವಿಷ ತರೋ ಬ್ಯಾಕ್ಟೀರಿಯಾ 4.6ಕ್ಕಿಂತ ಕೆಳಗೆ ಬೆಳೆಯಲ್ಲ. ನೀವು 4ಕ್ಕೆ ಇಳಿಯೋವರೆಗೆ ಯಾರಿಗೂ ಹಂಚ್ಬೇಡಿ.

ಟೊಮೆಟೊ ವಿಷಯಕ್ಕೂ ಸ್ಕೇಲೇ ಉತ್ತರ. ಮೇಲೆ ಚರ್ಮದ ಥರ ಆಗಿತ್ತು, ಒಣಗಿದೆ ಅಂದ್ಕೊಂಡ್ವಿ ಅಂದೆ. ಬೇಗ ಆಗ್ಲಿ ಅಂತ ಓವನ್ ಶುರುವಲ್ಲೇ ಜೋರಿಟ್ರೆ ಮೇಲ್ಪದರ ಗಟ್ಟಿಯಾಗಿ ಒಳಗಿನ ನೀರು ಹೊರಗೆ ಬರೋಕೆ ದಾರಿನೇ ಇರಲ್ಲ. 60 ಡಿಗ್ರಿ ದಾಟಿಸ್ಬೇಡಿ, ಹೋಳು ಎಲ್ಲ ಒಂದೇ ದಪ್ಪ ಇರಲಿ, ಆರೇಳು ಮಿಲಿಮೀಟರ್. ಟೊಮೆಟೊಲಿ ಶೇ. 94ರಷ್ಟು ನೀರು. ಒಂದು ಕೆಜಿ ಹಾಕಿದ್ದು 80 ಗ್ರಾಂ ಆಸುಪಾಸಿಗೆ ಇಳಿದ್ರೆ ಒಣಗಿದೆ. 150 ತೂಗ್ತಿದ್ರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ನೀರೇ. ಬಿಸಿಲಲ್ಲಿ ಒಣಗಿಸೋದಾದ್ರೆ ಗಾಳಿಲಿ ತೇವ ಕಮ್ಮಿ ಇರೋ ದಿನ ನೋಡ್ಕೊಳ್ಳಿ, ಸಂಜೆ ಒಳಗೆ ತನ್ನಿ; ಹಗಲು ಬಿಟ್ಟ ನೀರನ್ನ ರಾತ್ರಿ ಇಬ್ಬನಿ ವಾಪಸ್ ಕೊಡತ್ತೆ. ಬಿಸಿಲಲ್ಲಿ ಒಣಗಿದ್ದನ್ನ ಎರಡು ದಿನ ಫ್ರೀಜರಲ್ಲಿ, ಮೈನಸ್ 18ರಲ್ಲಿ ಇಟ್ರೆ ಹುಳದ ಮೊಟ್ಟೆ ಸಾಯತ್ತೆ. ಪೂರ್ತಿ ಆರಿದ ಮೇಲೆ ಗಾಜಿನ ಜಾಡಿಗೆ ಮುಕ್ಕಾಲಿಗಿಂತ ಕಮ್ಮಿ ತುಂಬಿ, ಒಂದು ವಾರ ದಿನಾ ಅಲ್ಲಾಡಿಸಿ. ಗಾಜಿನ ಒಳಗೆ ಮಂಜು ಕೂತ್ರೆ ಮತ್ತೆ ಒಣಗಿಸಿ. ನೀವು ಈ ಒಂದು ವಾರ ಬಿಟ್ಟು ಸೀದಾ ಡಬ್ಬಕ್ಕೆ ಹಾಕಿದ್ರಿ, ಬೂಷ್ಟು ಬಂದಿದ್ದು ಅದಕ್ಕೇ. ಕ್ಯಾರೆಟ್, ಬೀನ್ಸ್ ಆದ್ರೆ ಕುದಿಯೋ ನೀರಲ್ಲಿ ಮೂರು ನಿಮಿಷ ಅದ್ದಿ ತೆಗೆದು ಒಣಗಿಸಿ, ಇಲ್ಲಾಂದ್ರೆ ಎರಡು ತಿಂಗಳಿಗೆ ಹುಲ್ಲಿನ ವಾಸನೆ ಬರತ್ತೆ.

ಇನ್ನೊಂದು. ಹಸಿ ಬೆಳ್ಳುಳ್ಳಿನ ಎಣ್ಣೇಲಿ ಮುಳುಗಿಸಿ ಕಪಾಟಲ್ಲಿಡೋ ವಿಡಿಯೋ ಯಾರೋ ಹಂಚಿದ್ರಲ್ಲ, ಅದನ್ನ ಮಾಡ್ಲೇಬೇಡಿ. ಗಾಳಿ ಇಲ್ಲ, ಹುಳಿ ಇಲ್ಲ, ಬೊಟುಲಿಸಂಗೆ ಅದಕ್ಕಿಂತ ಒಳ್ಳೆ ಜಾಗ ಬೇಕಾ? ವಾಸನೆಲೂ ಗೊತ್ತಾಗಲ್ಲ.

ಅನ್ನದ ವಿಷಯ ಸ್ವಲ್ಪ ಗಂಭೀರವಾಗಿ ತಗೋ. ಹಳಸಿದ ವಾಸನೆ ಇರಲಿಲ್ಲ, ಚೆನ್ನಾಗಿ ಬಿಸಿ ಮಾಡಿದ್ವಿ ಅಂದೆ. ಬಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಅದರ ಬೀಜಾಣು ಅನ್ನ ಬೆಂದರೂ ಸಾಯಲ್ಲ. ಹಂಡೆ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತ್ರೆ ಮೊಳೆತು, ವಾಂತಿ ತರಿಸೋ ವಿಷ ಬಿಡತ್ತೆ. ಆ ವಿಷ ಮತ್ತೆ ಕುದಿಸಿದ್ರೂ ಹೋಗಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಅಂದ್ರೆ ಅನುಮಾನ ಅದರ ಮೇಲೇ. ಹಂಡೇನ ಹಾಗೇ ಫ್ರಿಜ್‌ಗೆ ತಳ್ಳಿದ್ರೂ ನಡು ಭಾಗ ರಾತ್ರಿಯೆಲ್ಲ ಬೆಚ್ಚಗೇ ಇರತ್ತೆ, ಪಕ್ಕದ ಹಾಲನ್ನೂ ಕೆಡಿಸತ್ತೆ. ಅನ್ನ ಆಗ್ಲಿ, ಬೇಳೆ ಆಗ್ಲಿ, ಅಗಲ ತಟ್ಟೆಗಳಲ್ಲಿ ಐದು ಸೆಂಟಿಮೀಟರ್‌ಗಿಂತ ತೆಳುವಾಗಿ ಹರಡಿ. ಎರಡು ಗಂಟೆಯೊಳಗೆ 60 ಡಿಗ್ರಿಯಿಂದ 21ಕ್ಕೆ, ಅಲ್ಲಿಂದ ನಾಲ್ಕು ಗಂಟೆಯೊಳಗೆ 5ಕ್ಕೆ ಇಳೀಬೇಕು. ಥರ್ಮಾಮೀಟರ್ ನಡುವಿಗೆ ಚುಚ್ಚಿ ನೋಡಿ, ಅಂಚಲ್ಲಿ ಅಲ್ಲ. ಹೊರಗೆ ಎರಡು ಗಂಟೆಗಿಂತ ಜಾಸ್ತಿ ಕೂತಿದ್ದು ಎಷ್ಟೇ ಚೆನ್ನಾಗಿ ಕಂಡ್ರೂ ಹಂಚೋ ಹಾಗಿಲ್ಲ.

ಅದಕ್ಕಿಂತ ಸುಲಭ, ಉಳಿಯದ ಹಾಗೆ ಬೇಯಿಸೋದು. ಅರವತ್ತು ಜನಕ್ಕೆ ತಲೆಗೆ 75 ಗ್ರಾಂ ಲೆಕ್ಕದಲ್ಲಿ ನಾಲ್ಕೂವರೆ ಕೆಜಿ ಅಕ್ಕಿ. ಮೊದಲು ಮೂರು ಕೆಜಿ ಇಡಿ. ಅರ್ಧ ಜನ ಕೂತ ಮೇಲೆ ತಲೆ ಎಣಿಸಿ ಎರಡನೇದು ಇಡಿ. ತರಕಾರಿನೂ ಹಾಗೇ. ಹೆಚ್ಚಿಟ್ಟ ಗಟ್ಟಿ ತರಕಾರಿ ಉಳಿದ್ರೆ ಅದೇ ಸಂಜೆ ಉಪ್ಪಿಗೆ ಹೋಗತ್ತೆ. ಬೆಂದಿದ್ದು ಉಳಿದ್ರೆ ಮಾತ್ರ ಗಡಿಯಾರ ನೋಡ್ತಾ ಕೂರಬೇಕು. ವಿಶ್ವಸಂಸ್ಥೆಯ ಪರಿಸರ ವಿಭಾಗದ 2024ರ ವರದಿ ಪ್ರಕಾರ 2022ರಲ್ಲಿ ಜಗತ್ತಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಅಂಗಡಿಗಳ ಪಾಲು ಶೇ. 12, ಮನೆಗಳದ್ದು ಶೇ. 60. ಅಂಗಡಿ ಹಿಂದಿನ ರಾಶಿ ಕಣ್ಣಿಗೆ ರಾಚತ್ತೆ, ನಮ್ಮ ತಟ್ಟೆದು ಕಾಣಲ್ಲ. ಊಟಕ್ಕೆ ಬಂದವರಿಗೂ ಒಂದೊಂದು ಜಾಡಿ ಹಾಕೋದು ಕಲಿಸಿ ಕಳಿಸಿ, ನಿಮ್ಮ ಹಂಡೆಗಿಂತ ಅದರಿಂದ ಜಾಸ್ತಿ ಉಳಿಯತ್ತೆ ಅನ್ನೋದು ನನ್ನ ಲೆಕ್ಕ.

ಪ್ರತಿ ಜಾಡಿ ಮೇಲೆ ತಾರೀಖು, ತರಕಾರಿ ತೂಕ, ಉಪ್ಪು ಎಷ್ಟು ಗ್ರಾಂ, ಮೂರೂ ಬರೀರಿ. ಮುಂದಿನ ಸಲ ತಪ್ಪಿದ್ರೆ ಎಲ್ಲಿ ಅಂತ ಗೊತ್ತಾಗತ್ತೆ.

ಈಗ ಮನೇಲಿರೋ ಆ ಬಿಳಿ ಪೊರೆ ಜಾಡಿ. ಪೊರೆ ತೆಳ್ಳಗೆ, ಹಾಲಿನ ಕೆನೆ ಥರ ಸುಕ್ಕುಗಟ್ಟಿದ್ರೆ ಅದು ಕಾಡು ಯೀಸ್ಟು. ಚಮಚದಲ್ಲಿ ತೆಗೆದು, ಕಂಠ ಒರೆಸಿ, ತರಕಾರಿ ಕೆಳಗೆ ಒತ್ತಿ. ಹುಳಿ ವಾಸನೆ ಚೊಕ್ಕವಾಗಿದ್ದು ಪಿಎಚ್ 4ಕ್ಕಿಂತ ಕೆಳಗಿದ್ರೆ ಮೆತ್ತಗಿದ್ರೂ ಸೂಪಿಗೆ ಹಾಕ್ಬೋದು. ಲೋಳೆ ಬಂದಿದ್ರೆ, ಕೊಳೆತ ವಾಸನೆ ಇದ್ರೆ, ಇಲ್ಲಾ ಹಸಿರು, ಕಪ್ಪು, ಗುಲಾಬಿ ಬಣ್ಣದ ನಾರುನಾರು ಬೂಷ್ಟು ಇದ್ರೆ ಪೂರ್ತಿ ಚೆಲ್ಲಿ. ಮೇಲಿನದು ತೆಗೆದು ಕೆಳಗಿನದು ಉಳಿಸೋ ಆಸೆ ಬೇಡ. ಯಾವುದು ಅಂತ ಗೊತ್ತಾಗ್ದಿದ್ರೆ ಮೇಲಿಂದ ಅಲ್ಲ, ಬೆಳಕಿಗೆ ಹಿಡಿದು ಪಕ್ಕದಿಂದ ಫೋಟೋ ತೆಗೆದು ಇಲ್ಲೇ ಹಾಕು.