ಕಥೆ ಹೇಳೋ ಬೋರ್ಡ್ ಗೇಮ್ ಮಾಡೀನಿ, ನಾಲ್ಕನೇ ಸುತ್ತಿಗೆ ಬಂದ್ರೆ ಆಟ ನಿಂತೇ ಹೋಗುತ್ತೆ, ಹೆಲ್ಪ್ ಮಾಡ್ರಿ

ಮಂಡಕ್ಕಿಮಿರ್ಚಿ (ದಾವಣಗೆರೆ)

ಎಲ್ರಿಗೂ ನಮಸ್ಕಾರ. ಎರಡು ತಿಂಗ್ಳಿಂದ ಒಂದು ಗೇಮ್ ಕಟ್ತಾ ಇದೀನಿ, ಸದ್ಯಕ್ಕೆ ಹೆಸರು "ಏಳು ಸುತ್ತು". ದುರ್ಗದ ಕೋಟೆನೇ ಬೋರ್ಡು, ಏಳು ಗೋಡೆ, ಹೊರಗಿಂದ ಒಳಗೆ ಹೋಗ್ಬೇಕು, ಮೊದ್ಲು ಒಳಗೆ ಹೋದೋರು ಗೆದ್ದಂಗೆ. ಕೈಗೆ ಐದು ಕಾರ್ಡ್, ಒನಕೆ, ಲಾಂದ್ರ, ಕುದುರೆ, ಮೊಸರು ಗಡಿಗೆ, ಹಿಂಗೆ ಬರೀ ಚಿತ್ರ, ಅದ್ರಾಗೆ ಮೂರು ತಗೊಂಡು ಕಥೆ ಕಟ್ಟಿ ಹೇಳ್ಬೇಕು, ಎಲ್ರೂ ಹೇಳಿದ್ಮೇಲೆ ಒಬ್ಬೊಬ್ರು ಒಂದು ಹುಣಸೆಬೀಜ ಮುಚ್ಚಿ ಓಟ್ ಹಾಕ್ತಾರೆ, ಜಾಸ್ತಿ ಬೀಜ ಬಿದ್ದೋರು ಒಂದು ಗೋಡೆ ದಾಟ್ತಾರೆ. ನೋಟ್‌ಬುಕ್ಕಲ್ಲಿ ಬರ್ಕೊಂಡಾಗ ಭಾಳ ಚಂದ ಕಾಣ್ತು.

ಹೋದ ಭಾನುವಾರ ಮನೇಲಿ 9 ಜನ ಕೂತ್ವಿ. ಮೊದ್ಲೆರಡು ಸುತ್ತು ನಕ್ಕು ನಕ್ಕು ಹೊಟ್ಟೆ ನೋವು. ಆಮೇಲೆ ನಮ್ಮ ಮಾವ ಮುಂದೆ ಹೋದ್ರು ನೋಡ್ರಿ, ಅಲ್ಲಿಂದ ಅವ್ರು ಎಂಥ ಕಥೆ ಹೇಳಿದ್ರೂ ಒಂದ್ ಬೀಜ ಇಲ್ಲ, ಎಲ್ರೂ ಮಾತಾಡ್ಕೊಂಡಂಗೆ ಹಿಂದಿರೋರಿಗೇ ಹಾಕೋದು. ಅಜ್ಜಿ ಓಟು ಯಾವಾಗ್ಲೂ ಮೊಮ್ಮಗನಿಗೆ, ಅವ್ನು ಬಾಯಿ ಬಿಡದಿದ್ರೂ. ಮಾವಂದು ಎಲ್ಲಾ ಕಥೇಲೂ ಅದೇ ಸ್ಮಶಾನದ ದೆವ್ವ, ಕಾರ್ಡಲ್ಲಿ ಮೊಸರು ಗಡಿಗೆ ಬಂದ್ರೆ ದೆವ್ವ ಮೊಸರು ಕೇಳುತ್ತೆ ಅಷ್ಟೇ. ಒಂದು ಸುತ್ತಿಗೆ ಹತ್ತತ್ರ ಒಂದು ಗಂಟೆ, ನಾಲ್ಕನೇ ಸುತ್ತಿಗೆ ಅರ್ಧ ಜನ ಮೊಬೈಲು. ಎಲ್ಲಿ ತಪ್ಪಾಗಿದೆ?

ಪಗಡೆಕಾಯಿ

ಲೆಕ್ಕ ನೀನೇ ಹಾಕು ತಮ್ಮಾ. ಒಬ್ರಿಗೆ ಯೋಚ್ನೆ ಮಾಡೋಕೆ 2 ನಿಮಿಷ, ಹೇಳೋಕೆ 4, ಒಂಬತ್ತು ಜನಕ್ಕೆ 54 ನಿಮಿಷ ಆಯ್ತು, ಏಳು ಗೋಡೆ ದಾಟೋಷ್ಟ್ರಲ್ಲಿ ಬೆಳಗಾಗುತ್ತೆ. ಮೂರ್ಮೂರು ಜನದ ಟೀಮ್ ಮಾಡು, ಸುತ್ತಿಗೆ ಮೂರೇ ಕಥೆ, ಟೀಮಲ್ಲಿ ಸರದಿ ಪ್ರಕಾರ ಒಬ್ಬೊಬ್ರು ಹೇಳ್ಲಿ. ಒಂದೂವರೆ ನಿಮಿಷದ ಟೈಮರ್ ಇಡು.

ದುರ್ಗದಹುಡ್ಗ

ಮೊದ್ಲು ಇದು ಹೇಳ್ರಿ, ಊರು ದಾವಣಗೆರೆ, ಕೋಟೆ ನಮ್ದು ಯಾಕೆ? 😀 ನಿಮ್ಮ ಗಾಜಿನ ಮನೆ ಹಾಕ್ಕೊಳ್ರಿ.

ಮಂಡಕ್ಕಿಮಿರ್ಚಿ (ದಾವಣಗೆರೆ)

ಅಣ್ಣಾ 1997ರ ತನಕ ನಾವೂ ಚಿತ್ರದುರ್ಗ ಜಿಲ್ಲೆಯೋರೇ, ಪಾಲು ಬರುತ್ತೆ ಬಿಡ್ರಿ.

ಕವಡೆ

ಟೈಮರು ಟೀಮು ಎಲ್ಲಾ ಸರಿ, ಆದ್ರೆ ನಿಜವಾದ ರೋಗ ಅದಲ್ಲ. "ಯಾರ ಕಥೆ ಚೆನ್ನಾಗಿತ್ತು" ಅಂತ ಓಟ್ ಕೇಳ್ತಾ ಇದೀರಲ್ಲ, ಅಲ್ಲೇ ಇರೋದು. ಗೆಲ್ಲೋಕೆ ಕೂತೋನು ಎದುರಾಳಿ ಕಥೆ ಚೆನ್ನಾಗಿದೆ ಅಂತ ಯಾಕಪ್ಪ ಒಪ್ತಾನೆ? ಅವನ ಕೈಗೇ ತಕ್ಕಡಿ ಕೊಟ್ಟು ಸರಿಯಾಗಿ ತೂಗು ಅಂದಂಗಾಯ್ತು.

ಈ ಕಾಯಿಲೆಗೆ ಬೇರೆಯೋರು ಮಾಡಿರೋ ಔಷಧಿ ನೋಡ್ರಿ. 1998ರಲ್ಲಿ ಬಂದ ಬ್ಯಾರನ್ ಮುಂಚಾಸೆನ್ ಅನ್ನೋ ಕಥೆ ಆಟದಲ್ಲಿ ಕೊನೇಗೆ ಪ್ರತಿಯೊಬ್ರೂ ತಮ್ಮ ಹತ್ರ ಇರೋ ಅಷ್ಟೂ ನಾಣ್ಯ ಇನ್ನೊಬ್ಬರಿಗೆ, ತಮಗೆ ಹಿಡಿಸಿದ ಕಥೆಗಾರನಿಗೆ ಕೊಟ್ಬಿಡ್ಬೇಕು, ಹಂಗಾಗಿ ಕೂಡಿಟ್ಟು ಲಾಭ ಇಲ್ಲ. ಆದ್ರೆ ನಿಮ್ಮನೇಲಿ ಅದು ನಡೆಯಲ್ಲ, ಅಜ್ಜಿ ಗಂಟು ಮೊಮ್ಮಗನಿಗೇ ಹೋಗೋದು. ಡಿಕ್ಸಿಟ್ ಇನ್ನೊಂದು ದಾರಿ ಹಿಡಿದಿದೆ, 2010ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ತಗೊಂಡಿದ್ದು ಅದು. ಅದ್ರಲ್ಲಿ ಹೇಳೋನು ತನ್ನ ಕಾರ್ಡ್ ಮುಚ್ಚಿಟ್ಟು ಸುಳಿವು ಕೊಡ್ತಾನೆ, ಉಳಿದೋರು ಯಾವ್ದು ಅಂತ ಹಿಡೀಬೇಕು. ಎಲ್ರೂ ಹಿಡಿದ್ರೆ ಹೇಳಿದೋನಿಗೆ ಸೊನ್ನೆ, ಯಾರೂ ಹಿಡೀದಿದ್ರೂ ಸೊನ್ನೆ, ಕೆಲವ್ರು ಹಿಡಿದ್ರೆ ಮಾತ್ರ ಅವನಿಗೆ 3, ಹಿಡಿದೋರಿಗೂ 3. ಚೆನ್ನಾಗಿತ್ತಾ ಅಂತ ಯಾರನ್ನೂ ಕೇಳೋದೇ ಇಲ್ಲ. ಕಾರ್ಡ್ ಹಿಡಿದ್ರೆ ತನಗೇ ಪಾಯಿಂಟು, ಅದಕ್ಕೆ ಎದುರಾಳಿನೂ ಕಿವಿ ಕೊಟ್ಟು ಕೇಳ್ತಾನೆ. ನಿಮ್ಮ ಆಟದಲ್ಲೂ ಒಂದು ಕಾರ್ಡ್ ಮುಚ್ಚಿ, ಅದನ್ನ ಕಥೇಲಿ ಸೇರ್ಸೋಕೆ ಹೇಳ್ರಿ, ಹೆಸರು ಬಾಯಲ್ಲಿ ಬರಬಾರ್ದು.

ಮಂಡಕ್ಕಿಮಿರ್ಚಿ (ದಾವಣಗೆರೆ)

ಕವಡೆ ಸರ್ ಭಾಳ ಥ್ಯಾಂಕ್ಸ್, ನಿನ್ನೆ ರಾತ್ರಿ ಇದನ್ನೇ ಟ್ರೈ ಮಾಡಿದ್ವಿ. ಮೂರು ಟೀಮು, ಕಥೆ ಮುಗಿದ್ಮೇಲೆ ಮುಚ್ಚಿದ ಕಾರ್ಡ್ ಜೊತೆ ಕಟ್ಟಿಂದ ನಾಲ್ಕು ಕಾರ್ಡ್ ಎಳೆದು ಕಲೆಸಿ ಐದೂ ಬಿಡಿಸಿಟ್ವಿ, ಪ್ರತಿ ಟೀಮು ಮಾತಾಡ್ಕೊಂಡು ಒಂದು ಉತ್ತರ ಹೇಳ್ಬೇಕು. ಸಂತೋಷಕ್ಕೆ ಎರಡೇ ನಿಮಿಷ ಆಯುಸ್ಸು. ನನ್ನ ತಂಗಿ ಲಾಂದ್ರ ಮುಚ್ಚಿಟ್ಕೊಂಡು "ಕತ್ತಲಲ್ಲಿ ಮುದುಕಪ್ಪ ಕೈ ಎತ್ತಿ ದಾರಿ ತೋರಿಸ್ತಿದ್ದ, ಅವನ ಕೈ ಮಾತ್ರ ಕೆಂಪಗೆ ಕಾಣ್ತಿತ್ತು" ಅಂತ ಎಷ್ಟು ಚೆನ್ನಾಗಿ ಹೇಳಿದ್ಲು ಅಂತೀರಿ, ಆದ್ರೆ ಬಿಡಿಸಿದ್ರೆ ಲಾಂದ್ರದ ಜೊತೆ ಬಂದಿದ್ದು ಹುಂಜ, ಬಾಳೆಗೊನೆ, ಚಪ್ಲಿ, ಎತ್ತಿನ ಗಾಡಿ. ಎಳೆ ಮಗೂನೂ ಹೇಳುತ್ತೆ. ಎರಡೂ ಟೀಮು ಹಿಡಿದ್ವು, ಅವಳಿಗೆ ಸೊನ್ನೆ, ಮುನಿಸ್ಕೊಂಡು ಎದ್ದು ಹೋದ್ಲು.

ಕವಡೆ

ಅಯ್ಯೋ ಅರ್ಧ ಹೇಳಿ ನಿಲ್ಸಿದ್ದು ನನ್ನ ತಪ್ಪು. ಜೊತೆಗಿಡೋ ಕಾರ್ಡು ಕಟ್ಟಿಂದ ಬರಬಾರ್ದು, ಕೇಳಿದೋರ ಕೈಯಿಂದ ಬರ್ಬೇಕು, ಡಿಕ್ಸಿಟ್ ಜೀವ ಇರೋದೇ ಅಲ್ಲಿ. ಕಥೆ ಕೇಳಿ ಆ ಕಥೆಗೆ ಹೊಂದೋ ಕಾರ್ಡನ್ನ ಅವರೇ ಹುಡುಕಿ ಮುಚ್ಚಿ ಕೊಡ್ತಾರೆ, ಕತ್ತಲು ಕೆಂಪು ಅಂದ್ರೆ ಒಬ್ರು ಒಲೆ ಕೊಡ್ತಾರೆ, ಇನ್ನೊಬ್ರು ಪಂಜು. ಯಾಮಾರಿ ಅವರ ಕಾರ್ಡಿಗೆ ಯಾರಾದ್ರೂ ಬಿದ್ರೆ ಅವರಿಗೊಂದು ಬೀಜ. ಒಂದು ಟೀಮಿಗೆ ಎರಡರಂತೆ ನಾಲ್ಕು, ಮುಚ್ಚಿದ್ದು ಸೇರಿ ಐದು. ತಮ್ಮ ಟೀಮಿನ ಎರಡು ಗೊತ್ತೇ ಇರುತ್ತಲ್ಲ, ಅಂದ್ರೆ ಮೂರರಲ್ಲಿ ಒಂದು ಹಿಡೀಬೇಕು.

ಪಗಡೆಕಾಯಿ

ಇನ್ನೊಂದು ಇದೆ, ಇದು ನನ್ನ ಟೀಮ್ ಐಡಿಯಾದಿಂದ ಆದ ಎಡವಟ್ಟು. ಟೀಮಿಗೆ ಒಂದೇ ಉತ್ತರ ಅಂದ್ರೆ ಕೇಳೋರು ಎರಡೇ ಲೆಕ್ಕ, ಎರಡರಲ್ಲಿ ಒಂದು ಹಿಡಿದು ಒಂದು ಬಿಟ್ರೆ ಮಾತ್ರ ಹೇಳಿದೋರಿಗೆ ಪಾಯಿಂಟು, ಅದು ನಾಣ್ಯ ಚಿಮ್ಮಿದಂಗೆ ಆಯ್ತು. ಕಥೆ ಹೇಳೋದು ಟೀಮ್ ಪರವಾಗಿ, ಆದ್ರೆ ಉತ್ತರ ಒಬ್ಬೊಬ್ರು ಬೇರೆ ಬೇರೆ, ಮಾತಾಡಂಗಿಲ್ಲ, ಒಂದು ಎರಡು ಮೂರು ಅಂದಾಗ ಎಲ್ರೂ ಒಟ್ಟಿಗೆ ಬೆರಳು ತೋರ್ಸೋದು. ಆಗ ಕೇಳೋರು ಆರು ಜನ, ಆರರಲ್ಲಿ ಒಬ್ಬರಿಂದ ಐದು ಜನ ಹಿಡಿದ್ರೂ ಹೇಳಿದ ಟೀಮಿಗೆ 3 ಬೀಜ, ಹೇಳೋನಿಗೆ ಜಾಗ ಸಿಗುತ್ತೆ. ಹಿಡಿದೋರ ಟೀಮಿಗೆ ತಲೆಗೊಂದು.

ಅಜ್ಜಿಅಡುಗೆಮನೆ (ಹಿರಿಯೂರು)

ನಾನು ಗೇಮ್ ಎಲ್ಲಾ ಆಡೋಳಲ್ಲಪ್ಪ, ಮಗ ತೋರಿಸ್ದ ಅಂತ ಓದ್ತಿದ್ದೆ. ನಮ್ಮ ಕಡೆ ಕಥೆ ಹೇಳ್ಬೇಕಾದ್ರೆ ಒಬ್ರು ಹೂಂಗುಟ್ಟೋರು ಬೇಕು, ಹೂಂ ಅನ್ನೋದು ನಿಲ್ಲಿಸಿದ್ರೆ ಅಜ್ಜಿ ಕಥೆ ನಿಲ್ಲಿಸ್ಬಿಡೋಳು, ಮಲಗಿದ್ಯಾ ಅಂತ. ಮಾತಾಡೋಕೆ ನಾಚ್ಕೊಳ್ಳೋರಿಗೆ ಆ ಕೆಲಸ ಕೊಡಬಾರ್ದಾ?

ಮಂಡಕ್ಕಿಮಿರ್ಚಿ (ದಾವಣಗೆರೆ)

ಅಮ್ಮಾ ನಿಮ್ಮ ಕಾಲಿಗೆ ಬಿದ್ದೆ. ಬರೀಲೇಬೇಕು, ಸ್ವಲ್ಪ ಉದ್ದ ಆಗುತ್ತೆ.

ಶನಿವಾರ ಮತ್ತೆ ಅದೇ 9 ಜನ. ಹೇಳೋರ ಪಕ್ಕ ಅದೇ ಟೀಮಿನ ಒಬ್ರು ಹೂಂಗುಟ್ಬೇಕು ಅಂತ ರೂಲ್ ಹಾಕ್ದೆ, ಹೂಂ ಬರಲಿಲ್ಲ ಅಂದ್ರೆ ಕಥೆ ಅಲ್ಲಿಗೇ ನಿಲ್ಬೇಕು. ನಾನು ಅಜ್ಜಿಗೆ ಏನೋ ಒಂದು ಕೆಲಸ ಇರ್ಲಿ ಅಂತ ಮಾಡಿದ್ದು, ಎರಡನೇ ಕಥೆಗೇ ಅಜ್ಜಿ ಅದನ್ನ ಎಲ್ಲಿಗೋ ತಗೊಂಡೋದ್ರು. ಮುಚ್ಚಿದ್ದು ಯಾವ ಕಾರ್ಡು ಅಂತ ಟೀಮಿನೋರಿಗೆ ಗೊತ್ತಿರುತ್ತೆ ನೋಡ್ರಿ, ಮೊಮ್ಮಗ ಒನಕೆ ಮುಚ್ಚಿಟ್ಟು ಎಷ್ಟು ಸುತ್ತಿ ಬಳಸಿ ಹೇಳ್ತಿದ್ದ ಅಂದ್ರೆ ಯಾರಿಗೂ ತಲೆ ಬುಡ ಗೊತ್ತಾಗ್ತಿಲ್ಲ, ಯಾರೂ ಹಿಡೀದಿದ್ರೆ ಸೊನ್ನೆ ಅಲ್ವಾ, ಆಗ ಅವನು "ಬಾಗ್ಲಲ್ಲಿ ನಿಂತಿದ್ಲು, ಕೈಯಲ್ಲಿ ಏನೋ ಹಿಡ್ಕೊಂಡು" ಅಂದಿದ್ದಕ್ಕೆ ಅಜ್ಜಿ ಹೂಂ ಅನ್ನೋ ಬದ್ಲು "ಹೂಂಂಂಂ" ಅಂತ ಎಳೆದ್ರು, ಎಳೆದು ನಮ್ಮ ಅತ್ತೆ ಮುಖ ನೋಡಿ ಸುಮ್ಮನಾದ್ರು. ಅತ್ತೆಗೆ ಹೊಳೀತು, ಉಳಿದ ಐದು ಜನಕ್ಕೆ ಇಲ್ಲ. ಮೂರು ಬೀಜ! ಮಾವ ಇದು ಮೋಸ ಅಂತ ಕೂಗಾಡಿದ್ರು, ನಾನು ರೂಲಲ್ಲಿ ಎಲ್ಲೂ ಇಲ್ಲ ಅಂದೆ, ಮುಂದಿನ ಕಥೇಲಿ ಅವರೂ ಎಳೆಯೋಕೆ ಶುರು ಮಾಡಿದ್ರು, ಆದ್ರೆ ಅಜ್ಜಿ ಥರ ಬರಲ್ಲ ಬಿಡ್ರಿ.

ದೆವ್ವದ ಕಾಟಕ್ಕೆ ಜಾಗದ ಕಾರ್ಡ್ ಬೇರೆ ಮಾಡಿದೀನಿ, ಪ್ರತಿ ಕಥೆಗೂ ಒಂದು ತೆಗೀತೀವಿ, ಅಲ್ಲೇ ನಡೀಬೇಕು: ಅಕ್ಕತಂಗಿ ಹೊಂಡ, ಓಬವ್ವನ ಕಿಂಡಿ, ಚಂದ್ರವಳ್ಳಿ, ಮಾರಿಕಣಿವೆ ಅಣೆಕಟ್ಟು, ಹತ್ತಿ ಮಿಲ್ಲು, ದೋಸೆ ಹೋಟ್ಲು. ದೋಸೆ ಹೋಟ್ಲಲ್ಲಿ ಮಧ್ಯಾಹ್ನ ದೆವ್ವ ತರೋಕೆ ಮಾವ ಪಟ್ಟ ಪಾಡು ನೋಡ್ಬೇಕಿತ್ತು. ನಾಲ್ಕು ಬೀಜಕ್ಕೆ ಒಂದು ಗೋಡೆ ಅಂತ ಇಟ್ಟಿದ್ದೆ, ಏಳು ಗೋಡೆಗೆ 28. ಐದನೇ ಸುತ್ತಲ್ಲಿ ಅಜ್ಜಿ ಟೀಮು ಒಳಗೆ, ಒಟ್ಟು 1 ಗಂಟೆ 10 ನಿಮಿಷ. ಮೊಬೈಲ್ ಯಾರೂ ಮುಟ್ಲಿಲ್ಲ.

ಈಗ ಹೊಸ ತಲೆನೋವು. ಆಡ್ತಾ ಆಡ್ತಾ ಮಂಡಕ್ಕಿ ಮಿರ್ಚಿ ತಿಂದ್ವಿ, ಕುದುರೆ ಕಾರ್ಡ್ ಹಿಂದೆ ಎಣ್ಣೆ ಬೆರಳು ಬಿತ್ತು. ಮೂರನೇ ಸುತ್ತಿಂದ ಕುದುರೆ ಯಾರ ಕೈಯಲ್ಲಿದೆ ಅಂತ ಎಲ್ರಿಗೂ ಗೊತ್ತು.

ದುರ್ಗದಹುಡ್ಗ

ಹೆಸರಿಟ್ಕೊಂಡಿದ್ದಕ್ಕೆ ಸಾರ್ಥಕ ಆಯ್ತು 😂 ಕಾರ್ಡಿಗೆ ಪ್ಲಾಸ್ಟಿಕ್ ಸ್ಲೀವ್ ಅಂದ್ರೆ ತೆಳು ಕವರ್ ಹಾಕ್ರಿ, ಕಾರ್ಡ್ ಅಳತೆ 63 ಗುಣಿಲೆ 88 ಮಿಲಿಮೀಟರ್ ಇಟ್ರೆ ರೆಡಿ ಸ್ಲೀವ್ ಸಿಗುತ್ತೆ. ಆ ಅಳತೇಲಿ ಎ4 ಶೀಟಿಗೆ ಕರೆಕ್ಟಾಗಿ 9 ಕೂರುತ್ತೆ, 54 ಕಾರ್ಡಿಗೆ ಆರೇ ಶೀಟು. ಮತ್ತೆ ಕಾರ್ಡಿನ ಮೇಲೆ ಏನೂ ಬರೀಬೇಡ್ರಿ, ಚಿತ್ರ ಮಾತ್ರ, ಓದಕ್ಕೆ ಬರದೋರೂ ಆಡ್ಬೋದು.

ಮಂಡಕ್ಕಿಮಿರ್ಚಿ (ದಾವಣಗೆರೆ)

ಲಗ್ನಪತ್ರಿಕೆ ಮಾಡೋ ಪ್ರೆಸ್ಸೊಂದ್ರಲ್ಲಿ ಕೇಳಿದೀನಿ, 300 ಜಿಎಸ್ಎಂ ಅನ್ನೋ ದಪ್ಪ ಬೋರ್ಡಲ್ಲಿ ಹಾಕ್ಕೊಡ್ತಾರಂತೆ. ಮೂರು ಶೀಟ್ ಈಗ, ಮೂರು ಮುಂದಿನ ತಿಂಗ್ಳು ಸಂಬಳ ಬಂದ್ಮೇಲೆ ಹಾಕ್ಸೋಣ ಅಂತ.

ಕವಡೆ

ಬೇಡ. ಆರೂ ಒಂದೇ ಸಲ ಹಾಕ್ಸಿ, ಒಂದು ತಿಂಗ್ಳು ಕಾಯ್ರಿ ಬೇಕಾದ್ರೆ. ಬೇರೆ ಬೇರೆ ದಿನ ಹಾಕ್ಸಿದ್ರೆ ಹಿಂಬದಿ ಬಣ್ಣದ ಶೇಡು ಒಂದು ಚೂರಾದ್ರೂ ಬದಲಾಗುತ್ತೆ, ನಿಮ್ಮ ಮಾವ ಒಂದೇ ಆಟಕ್ಕೆ ಕಂಡುಹಿಡೀತಾರೆ. ಬದಿ ಕತ್ತರಿಸೋದೂ ಒಟ್ಟಿಗೇ ಕಟ್ಟಿಂಗ್ ಮಷಿನಲ್ಲಿ ಮಾಡ್ಸಿ, ಮನೇಲಿ ಕತ್ತರಿ ಹಿಡ್ಕೊಂಡು ಕೂರಬೇಡ್ರಿ.

ಮಂಡಕ್ಕಿಮಿರ್ಚಿ (ದಾವಣಗೆರೆ)

ಸರಿ ಸರ್, ಕಾಯ್ತೀನಿ. ಅಲ್ಲೀತನಕ ಹಳೇ ಕಾರ್ಡಲ್ಲೇ ಆಟ, ಮಿರ್ಚಿ ಮಾತ್ರ ಆಟ ಮುಗಿದ್ಮೇಲೆ.