ಒಂದೂವರೆ ಟಿಬಿ ಡೇಟಾ ಹೊಸ ಲ್ಯಾಪ್‌ಟಾಪ್‌ಗೆ ಹಾಕಬೇಕು, ವೈಫೈ ಮೂರೂವರೆ ದಿನ ಅಂತಿದೆ

ಪ್ರಶ್ನೆ: ಸರ್, ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿ ಹತ್ತು ವರ್ಷದ ಫೋಟೊ, ವಿಡಿಯೊ ಎಲ್ಲ ಸೇರಿ 1.5 ಟಿಬಿ ಇದೆ. ಎರಡರಲ್ಲೂ ವಿಂಡೋಸ್. ಫೋಲ್ಡರ್ ಶೇರ್ ಮಾಡಿ ವೈಫೈಯಲ್ಲಿ ಕಾಪಿಗೆ ಹಾಕಿದೆ. ಸೆಕೆಂಡಿಗೆ 5 ಎಂಬಿ ಮೇಲೆ ಏರುತ್ತಲೇ ಇಲ್ಲ, ಮಧ್ಯೆ ಎರಡು ಸಲ ನಿಂತೂ ಹೋಯಿತು. ಇಂಟರ್ನೆಟ್ ಪ್ಲಾನ್ ದೊಡ್ಡದು ಮಾಡಿಸಿದರೆ ಸರಿಹೋಗುತ್ತಾ?

ಉತ್ತರ: ಪ್ಲಾನ್ ಮುಟ್ಟಬೇಡಿ, ದುಡ್ಡು ದಂಡ. ನಿಮ್ಮ ಫೈಲುಗಳು ಮನೆ ಬಿಟ್ಟು ಹೊರಗೇ ಹೋಗುತ್ತಿಲ್ಲ, ರೌಟರ್ ಮುಟ್ಟಿ ವಾಪಸ್ ಬರುತ್ತಿವೆ ಅಷ್ಟೆ. ಎರಡೂ ಕಂಪ್ಯೂಟರ್ ವೈಫೈಯಲ್ಲೇ ಇದ್ದರೆ ಒಂದೇ ಫೈಲು ಗಾಳಿಯಲ್ಲಿ ಎರಡು ಸಲ ಓಡಾಡಬೇಕು, ಅರ್ಧ ಸ್ಪೀಡು ಅಲ್ಲೇ ಹೋಯಿತು.

ಒಂದು ಲ್ಯಾನ್ ಕೇಬಲ್ ತನ್ನಿ, ಕ್ಯಾಟ್ 5ಇ ಸಾಕು. ಒಂದು ತುದಿ ಡೆಸ್ಕ್‌ಟಾಪ್‌ಗೆ, ಇನ್ನೊಂದು ಲ್ಯಾಪ್‌ಟಾಪ್‌ಗೆ, ನಡುವೆ ರೌಟರ್ ಬೇಡ. ಮೊದಲೆಲ್ಲ ಇದಕ್ಕೆ ಕ್ರಾಸ್ ಕೇಬಲ್ ಅಂತ ಬೇರೆಯೇ ಬೇಕಿತ್ತು, ಈಗಿನ ಗಿಗಾಬಿಟ್ ಪೋರ್ಟುಗಳು ತಾವೇ ಹೊಂದಿಸಿಕೊಳ್ಳುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ 3.0 ಗಿಗಾಬಿಟ್ ಅಡಾಪ್ಟರ್ ಸಿಗುತ್ತದೆ. ಎರಡೂ ಕಡೆ ಪೆನ್‌ಡ್ರೈವ್ ತರಹದ ಚಪ್ಪಟೆ ಪಿನ್ ಇರುವ ಮಾಮೂಲಿ ಯುಎಸ್‌ಬಿ ವೈರಿನಲ್ಲಿ ಎರಡು ಕಂಪ್ಯೂಟರ್ ಜೋಡಿಸುವ ಸಾಹಸ ಮಾತ್ರ ಬೇಡ, ಎರಡು ಕಡೆಯ ಕರೆಂಟ್ ಡಿಕ್ಕಿ ಹೊಡೆದು ಪೋರ್ಟೇ ಸುಟ್ಟುಹೋಗಬಹುದು.

ಐಪಿ, ಅಂದರೆ ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ನಂಬರು, ಕೈಯಾರೆ ಕೊಡಿ: ಡೆಸ್ಕ್‌ಟಾಪ್‌ಗೆ 192.168.50.1, ಲ್ಯಾಪ್‌ಟಾಪ್‌ಗೆ 192.168.50.2, ಎರಡಕ್ಕೂ ಮಾಸ್ಕ್ 255.255.255.0. ಗೇಟ್‌ವೇ ಖಾಲಿ ಬಿಡಿ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಎಕ್ಸ್‌ಪ್ಲೋರರ್‌ನ ಅಡ್ರೆಸ್ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಆ ಮೊದಲ ನಂಬರ್ ಟೈಪ್ ಮಾಡಿ. ಕಂಪ್ಯೂಟರ್ ಹೆಸರು ಹೊಡೆದು ಹೋದರೆ ಕೆಲವೊಮ್ಮೆ ಮತ್ತೆ ವೈಫೈ ದಾರಿಯನ್ನೇ ಹಿಡಿಯುತ್ತದೆ. ತೆರೆಯಲಿಲ್ಲ ಅಂದರೆ ನೆಟ್‌ವರ್ಕ್ 'ಪಬ್ಲಿಕ್' ಅಂತ ಇರುತ್ತದೆ, 'ಪ್ರೈವೇಟ್' ಮಾಡಿ.

ಪ್ರಶ್ನೆ ಕೇಳಿದವರು: ಹಾಕಿದೆ ಸರ್. ಆದರೆ 11 ಎಂಬಿ ಮಾತ್ರ ಬರುತ್ತಿದೆ?

ಉತ್ತರ: 11 ಅಂದಿರಲ್ಲ, ಅಲ್ಲೇ ಸಿಕ್ಕಿಬಿತ್ತು. ಲಿಂಕ್ 100 ಮೆಗಾಬಿಟ್‌ಗೆ ಇಳಿದಿದೆ. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ 100 ಮೆಗಾಬಿಟ್ ಅಂದರೆ 12.5 ಎಂಬಿ, ಕೈಗೆ ಸಿಗುವುದು 11 ಚಿಲ್ಲರೆ. ಗಿಗಾಬಿಟ್ ಆದರೆ 110ರ ಆಸುಪಾಸು ಬರಬೇಕು. ಕೇಬಲ್ ಒಳಗೆ ಎಂಟು ಎಳೆ ಇರುತ್ತವೆ, 100ಕ್ಕೆ ನಾಲ್ಕೇ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಎಳೆ ಕೈಕೊಟ್ಟರೂ ಕೇಬಲ್ ಕೆಲಸ ಮಾಡುತ್ತಿರುವ ಹಾಗೆಯೇ ಕಾಣುತ್ತದೆ. ತುದಿಯ ಪ್ಲಾಸ್ಟಿಕ್ ಕ್ಲಿಪ್ ನೋಡಿ, ಮುರಿದಿದೆಯಾ?

ಪ್ರಶ್ನೆ ಕೇಳಿದವರು: ಹೌದು ಸರ್, ಮುರಿದಿದೆ! ಒತ್ತಿ ಹಿಡಿದರೆ ಹಸಿರು ಲೈಟು, ಬಿಟ್ಟರೆ ಕೇಸರಿ. ಬೇರೆ ಕೇಬಲ್ ಹಾಕಿದೆ, ಈಗ 108. ವಿಡಿಯೊ ಫೋಲ್ಡರ್ ಸರಸರ ಹೋಯಿತು, ಫೋಟೊ ಫೋಲ್ಡರ್‌ಗೆ ಬಂದ ಕೂಡಲೇ 6ಕ್ಕೆ ಬಿತ್ತು.

ಉತ್ತರ: ಅದು ಕೇಬಲ್ ತಪ್ಪಲ್ಲ. ಒಂದು ದೊಡ್ಡ ಮೂಟೆ ಸಾಗಿಸುವುದಕ್ಕೂ ಸಾವಿರ ಪೊಟ್ಟಣ ಒಂದೊಂದಾಗಿ ಸಾಗಿಸುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಪ್ರತಿ ಸಣ್ಣ ಫೈಲಿಗೂ ತೆರೆ, ಬರೆ, ಮುಚ್ಚು. ಇದಕ್ಕೆ ಎಳೆದು ಬಿಡುವ ಕಾಪಿ ಬೇಡ, ವಿಂಡೋಸ್‌ನಲ್ಲೇ ಇರುವ ರೋಬೊಕಾಪಿ ಬಳಸಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಟೈಪ್ ಮಾಡಿ ಓಡಿಸುವ ಕಾಪಿ ಕಮಾಂಡ್ ಅದು. ನಿಂತರೂ ಅದೇ ಕಮಾಂಡ್ ಮತ್ತೆ ಕೊಡಿ, ಹೋಗಿರುವುದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಸಬ್‌ಫೋಲ್ಡರ್‌ಗೆ /ಇ ಕೊಡಿ, ಜೊತೆಗೆ /ಆರ್:1 /ಡಬ್ಲ್ಯು:1 ಮರೆಯಬೇಡಿ (ಸೋತರೆ ಒಂದು ಸೆಕೆಂಡು ಬಿಟ್ಟು ಇನ್ನೊಂದೇ ಸಲ ಪ್ರಯತ್ನಿಸು ಅಂತ; ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ). ಅದಿಲ್ಲದಿದ್ದರೆ ಒಂದು ಕೆಟ್ಟ ಫೈಲಿಗೆ 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನ ಮಾಡುತ್ತಾ ಕೂರುತ್ತದೆ, ತಮಾಷೆಯಲ್ಲ. /ಎಂಐಆರ್ ಮಾತ್ರ ಬೇಡ, ಹೋಗುವ ಕಡೆ ಹೆಚ್ಚುವರಿ ಇರುವುದನ್ನೆಲ್ಲ ಅಳಿಸಿಬಿಡುತ್ತದೆ.

ಮಲಗುವ ಮುಂಚೆ ಎರಡರಲ್ಲೂ ಸ್ಲೀಪ್ ಆಫ್ ಮಾಡಿ. ನಾನೇ ಒಮ್ಮೆ ರಾತ್ರಿ ಕಾಪಿಗೆ ಹಾಕಿ ಮಲಗಿ, ಬೆಳಿಗ್ಗೆ ಎದ್ದು ನೋಡಿದರೆ ಲ್ಯಾಪ್‌ಟಾಪ್ ನನಗಿಂತ ಮೊದಲೇ ಮಲಗಿತ್ತು.

ಇನ್ನೊಬ್ಬರು: ಕಾಪಿ ಬದಲು ಕಟ್ ಮಾಡಿದರೆ ಹಳೇದು ತಾನಾಗೇ ಖಾಲಿ ಆಗುತ್ತಲ್ಲ ಸರ್?

ಉತ್ತರ: ಬೇಡವೇ ಬೇಡ. ಮಧ್ಯೆ ಕರೆಂಟ್ ಹೋದರೆ ಯಾವುದು ಎಲ್ಲಿದೆ ಅಂತ ಹುಡುಕುತ್ತಾ ಕೂರುತ್ತೀರಿ. ಕಾಪಿ ಮಾಡಿ, ಹತ್ತಾರು ಫೈಲು ತೆರೆದು ನೋಡಿ, ಅಳಿಸುವುದು ಆಮೇಲೆ.

ಪ್ರಶ್ನೆ ಕೇಳಿದವರು: ಮುಗಿಯಿತು ಸರ್. ಆದರೆ ಕೊನೆಯ ಲೆಕ್ಕದಲ್ಲಿ 'ಫೇಲ್ಡ್' ಕೆಳಗೆ 8 ಅಂತಿದೆ. ಎಂಟೂ ಒಂದೇ ಫೋಲ್ಡರ್‌ನವು. ತೆರೆಯಲು ಹೋದರೆ ಡಿಸ್ಕ್ ಟಿಕ್ ಟಿಕ್ ಅನ್ನುತ್ತದೆ.

ಉತ್ತರ: ಹಾಗಾದರೆ ಸದ್ಯಕ್ಕೆ ಆ ಡೆಸ್ಕ್‌ಟಾಪ್ ಆಫ್ ಮಾಡಿಬಿಡಿ. ಡಿಸ್ಕ್ ಹೋಗುವ ಹಾದಿಯಲ್ಲಿದೆ, ಸುಮ್ನೆ ಮತ್ತೆ ಮತ್ತೆ ತೆರೆದು ನೋಡಿದಷ್ಟೂ ಹಾಳಾಗುತ್ತದೆ. ಆ ಎಂಟು ಫೈಲು ಏನು, ಬೇಕೇ ಬೇಕಾ ಹೇಳಿ. ಬೇಕು ಅಂದರೆ ಡೇಟಾ ರಿಕವರಿ ಮಾಡುವವರ ಹತ್ತಿರ ಒಯ್ಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಹೆಸರು ನೋಡಿದೆ ಸರ್, ಎಂಟೂ ಹಳೇ ಪ್ರಿಂಟರ್‌ನ ಡ್ರೈವರ್ ಫೈಲು. ಆ ಪ್ರಿಂಟರೇ ಈಗ ಇಲ್ಲ. ಆಫ್ ಮಾಡಿದೆ.